ಕೋಷ್ಟಕರಾಯನ ಪಾಲುದಾರ

ರಂಪವೆಲ್ಲ ಶುರುವಾದದ್ದು ಒಂಬತ್ತು ಎಂಬ ಒಂದು ಅಂಕಿಯಿಂದ.

ಸೈಕಲ್ ಬೆಲ್ ತಯಾರಿಸುವ ಆ ಕಾರ್ಖಾನೆ ಹೊರದೇಶದ ಕಂಪನಿಯೊಂದರ ಜೊತೆ ಪಾಲುದಾರಿಕೆಗೆ ಹೊರಟಿತ್ತು. ಮುಂದೆ ಬಂದವರು ಮೂವರು: ಬೆಟ್ಟದೂರಿನವರು, ಮರಳುಗಾಡಿನವರು, ಬಂದರಿನವರು. ಯಾರಾದರೆ ಒಳ್ಳೆಯದೆಂದು ಅಂಕ ಹಾಕಿ ತೂಗಿ ನೋಡುವ ಕೆಲಸ ಯೋಜನಾ ವಿಭಾಗದ ಗುಮಾಸ್ತನಿಗೆ ಬಿತ್ತು. ತರಕಾರಿ ಕೊಳ್ಳುವಾಗಲೂ ಗೆರೆ ಎಳೆದು ಅಂಕ ಹಾಕುವ ಅವನನ್ನು ಆಫೀಸಿನವರು ಕೋಷ್ಟಕರಾಯ ಎಂದೇ ಕರೆಯುತ್ತಿದ್ದರು. ಬೆಲೆ, ಗುಣಮಟ್ಟ, ನಂಬಿಕೆ, ಹೀಗೆ ಒಂದೊಂದು ಅಂಶಕ್ಕೂ ಹತ್ತರೊಳಗೆ ಒಂದು ತೂಕ ಕೊಡಬೇಕು. 'ಸಮುದ್ರದ ಸಾಮೀಪ್ಯ' ಎಂಬ ಅಂಶಕ್ಕೆ ಅವನು ಒಂಬತ್ತು ಕೊಟ್ಟಿದ್ದ.

ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವನ ಹೆಂಡತಿ ಎರಡು ವರ್ಷದಿಂದ ಆ ಬಂದರಿನ ಆಸ್ಪತ್ರೆಯಲ್ಲಿ ನರ್ಸ್. ಗೆದ್ದ ಕಂಪನಿಯ ಊರಿಗೆ ಇಲ್ಲಿಂದ ಒಬ್ಬರು ಹೋಗಿ ಮೂರು ವರ್ಷ ಇರಬೇಕು. ಇಷ್ಟು ದಿನ ಅವನು ಅವಳನ್ನು ನೋಡಿದ್ದೆಲ್ಲ ಫೋನಿನಲ್ಲಿ. ಅವಳು ನಗಲು ಶುರುಮಾಡಿದರೆ ಚಿತ್ರ ನಿಂತುಬಿಡುತ್ತಿತ್ತು, ನಗು ಮುಗಿಯುವುದು ಕಾಣುತ್ತಿರಲಿಲ್ಲ. ಅವನ ಜೀವವೆಲ್ಲ ಅಲ್ಲೇ ಇತ್ತು.

ತೀರ್ಮಾನದ ಸಭೆಯ ದಿನ ಬೆಳಿಗ್ಗೆಯೇ ಲೆಕ್ಕಪತ್ರದವರು ಕನ್ನಡಕ ಏರಿಸಿಕೊಂಡು ಬಂದರು. "ಅಲ್ರೀ, ನಾವು ಮಾಡೋದು ಸೈಕಲ್ ಬೆಲ್ಲು. ಸಮುದ್ರದಲ್ಲಿ ಯಾರ್ರೀ ಸೈಕಲ್ ಹೊಡೀತಾರೆ?" ಎಂದು ಒಂಬತ್ತನ್ನು ಎರಡು ಮಾಡಿ, ಬೆಲೆಗೆ ಹತ್ತು ಬರೆದು ಹೋದರು. ಬೆಟ್ಟದೂರಿನವರು ಗೆದ್ದರು.

ಅವನು ಸದ್ದಿಲ್ಲದೆ 'ನೇರ ವಿಮಾನ' ಎಂಬ ಹೊಸ ಸಾಲು ಸೇರಿಸಿದ. ಬಂದರಿನವರು ಚೇತರಿಸಿಕೊಳ್ಳುವಷ್ಟರಲ್ಲಿ ಸ್ಟೋರ್ ಕೀಪರ್ ಬಂದು ಬಗ್ಗಿ ನೋಡಿದ. "ಯಾವುದಕ್ಕೂ ಕಡಿಮೆ ಕೊಡಬೇಡಪ್ಪಾ, ಪಾಪ," ಎಂದು ಮೊಮ್ಮಕ್ಕಳಿಗೆ ಮಿಠಾಯಿ ಹಂಚುವ ಅಜ್ಜನ ಹಾಗೆ ಎಲ್ಲ ಅಂಶಕ್ಕೂ ಹತ್ತು ಹತ್ತು ಕೊಡಿಸಿದ. ಈ ಸಲ ಮರಳುಗಾಡಿನವರು ಗೆದ್ದರು. ಕೋಷ್ಟಕರಾಯ ತಲೆ ಚಚ್ಚಿಕೊಂಡ.

ಮಧ್ಯಾಹ್ನದ ಸಭೆಗೆ ಹತ್ತು ನಿಮಿಷವಿರುವಾಗ ಇನ್ನೊಂದು ಸಾಲು ಹೊಳೆಯಿತು: 'ಊರಿನ ಆಸ್ಪತ್ರೆ'.

"ಇದ್ಯಾಕ್ರೀ?" ಮ್ಯಾನೇಜರ್ ಕೇಳಿದರು.

"ಹೋದೋರು ಕಾಯಿಲೆ ಬಿದ್ರೆ ನೋಡ್ಕೊಳ್ಳೋರು ಬೇಕಲ್ಲ ಸಾರ್." ಅದರಲ್ಲಿ ಸುಳ್ಳೇನೂ ಇರಲಿಲ್ಲ. "ನಮ್ಮ ಮನಸ್ಸನ್ನ ನಂಬಬಾರದು ಸಾರ್. ಕೋಷ್ಟಕ ಹೇಳಿದ್ದೇ ಸರಿ."

ಮ್ಯಾನೇಜರ್ ಈ ಮಾತಿಗೆ ಮಾರುಹೋದರು. ಬಂದರಿನವರು ಗೆದ್ದರು. ಕೋಷ್ಟಕರಾಯ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದ.

"ಹೋಗೋನು ಇವನೇ ತಾನೇ ಸಾರ್?" ಸ್ಟೋರ್ ಕೀಪರ್ ಹಲ್ಲುಕಿರಿದ.

"ಬಾಯಿಮಾತಲ್ಲಿ ಹೇಳಿದ್ರೆ ಆಯ್ತೇನ್ರೀ? ಅದಕ್ಕೂ ಕೋಷ್ಟಕ ಬೇಡ್ವಾ?"

ಮ್ಯಾನೇಜರ್ ಹೊಸ ಹಾಳೆ ತೆಗೆದು, ಸಭೆಯಲ್ಲಿದ್ದವರ ಹೆಸರನ್ನೆಲ್ಲ ಬರೆದು ಅಲ್ಲೇ ಗೆರೆ ಎಳೆದರು. ಕೆಲಸದ ಅರಿವಿಗೆ ಕೋಷ್ಟಕರಾಯನಿಗೆ ಹತ್ತು. ಅಲ್ಲಿಯ ಭಾಷೆಗೂ ಹತ್ತು. ಹೆಂಡತಿ ಇರುವ ಊರಿನ ಮಾತೆಂದು ಅವನು ಆಸೆಪಟ್ಟು ಕಲಿತಿದ್ದ. ಕೊನೆಗೆ 'ವಾಪಸ್ ಬರುವ ಸಂಭವ' ಎಂದು ಬರೆದು, ಅದಕ್ಕೆ ಎಲ್ಲಕ್ಕಿಂತ ದೊಡ್ಡ ತೂಕ ಕೊಟ್ಟು, ಅವನ ಸಾಲಿನಲ್ಲಿ ಸೊನ್ನೆ ಸುತ್ತಿದರು. "ನಿಮ್ಮ ಮನೆಯೋರು ಅಲ್ಲೇ ಇದ್ದಾರಲ್ರೀ. ಹೋದ್ಮೇಲೆ ಬರ್ತೀರಾ ನೀವು?"

ಬರ್ತೀನಿ ಎನ್ನಲು ಕೋಷ್ಟಕರಾಯನಿಗೆ ಮನಸ್ಸು ಬರಲಿಲ್ಲ. ಹಾಳೆ ಇಸಕೊಂಡು ಎರಡೆರಡು ಸಲ ಕೂಡಿಸಿ ನೋಡಿದ. ಒಂದು ತಪ್ಪೂ ಸಿಗಲಿಲ್ಲ. ಗೆದ್ದವನು ಸ್ಟೋರ್ ಕೀಪರ್. ಹೆಂಡತಿ, ನಾಲ್ಕು ಹೆಣ್ಣುಮಕ್ಕಳು, ಅತ್ತೆ, ಎಲ್ಲರೂ ಇಲ್ಲೇ ಇರುವ ಆ ಮನುಷ್ಯ "ನಂಗೆ ಬಸ್ಸಲ್ಲೇ ತಲೆ ತಿರುಗುತ್ತೆ ಸಾರ್!" ಎಂದು ಕುರ್ಚಿಯಲ್ಲಿ ಕುಸಿದ.

ಸಂಜೆ ಹೆಂಡತಿಯೇ ಫೋನ್ ಮಾಡಿದಳು. "ಯಾರು ಗೆದ್ರು? ಬೇಗ ಹೇಳ್ರೀ."

"ನಿಮ್ಮೂರೋರೇ. ಆದ್ರೆ ಬರೋದು ನಾನಲ್ಲ, ಸ್ಟೋರ್ ಕೀಪರ್. ನಾನು ಬಂದ್ರೆ ವಾಪಸ್ ಹೋಗಲ್ಲ ಅಂತ ಲೆಕ್ಕ ಬಂತು."

"ಬಂದಿದ್ರೆ ವಾಪಸ್ ಹೋಗ್ತಿದ್ರಾ?"

"ಇಲ್ಲ."

"ಹಾಗಾದ್ರೆ ಲೆಕ್ಕ ಸರಿಯಾಗೇ ಇದೆ ಬಿಡಿ," ಎಂದಳು, ಅಳು ತಡೆದುಕೊಂಡು.