ಒಬ್ಬರಾದರೂ ಬರುವ ಲೆಕ್ಕ

ಮಕ್ಕಳೇ, ಹೆದರುವುದಕ್ಕೆಂದೇ ಗಣಿತ ಕಲಿತವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಿಮ್ಮ ಅಜ್ಜನ ಅಣ್ಣ, ನನ್ನ ಭಾವ! ಪುತ್ತೂರಿನಲ್ಲಿ ಹೈಸ್ಕೂಲು ಮಾಷ್ಟ್ರು. ರಜೆ ಸಿಕ್ಕಿದರೆ ಆಲಂಕಾರಿನ ನಮ್ಮ ಮನೆಗೆ ಬರುವರು, ಚೀಲದಲ್ಲಿ ಎರಡು ಟಾರ್ಚು. ಒಂದು ಪುತ್ತೂರು ದರ್ಬೆಯ ಅಂಗಡಿಯದ್ದು, ಇನ್ನೊಂದು ಸುಳ್ಯದ್ದು.

"ಎರಡನ್ನೂ ಒಂದೇ ಕಡೆ ತೆಗೊಂಡ್ರೆ ಎಂತ?" ಅತ್ತೆ ಕೇಳಿದರು.

"ಆ ಅಂಗಡಿಯ ಸೆಲ್ಲೇ ಹಳತಾದ್ರೆ ಎರಡೂ ಒಟ್ಟಿಗೆ ಸಾಯ್ತದೆ ಅಮ್ಮ! ಒಂದರ ಹಣೆಬರಹ ಇನ್ನೊಂದಕ್ಕೆ ತಾಗಬಾರ್ದು."

ನಾದಿನಿಯ ಮದುವೆಗೆ ಅಡುಗೆಯವನು ಕೈಕೊಟ್ಟರೆ ಎಂಬ ಹೆದರಿಕೆಯಲ್ಲಿ ಭಾವ ಐವರ್ನಾಡಿನಿಂದ ಒಬ್ಬನಿಗೆ, ಕಡಬದಿಂದ ಒಬ್ಬನಿಗೆ ಹೇಳಿಟ್ಟರು. ಇಬ್ಬರೂ ಬಂದರು! ನೆಂಟರು ಎರಡು ಬಗೆ ಪಾಯಸ ಉಂಡು, ಜಗಳಕ್ಕೆ ಬಿದ್ದ ಅಡುಗೆಯವರ ಎರಡು ಬಗೆ ಬೈಗುಳ ಕೇಳಿ ಹೋದರು. ನಾನು ಒಳಗೆ ಬಾಯಿಗೆ ಸೆರಗು ತುರುಕಿ ನಕ್ಕೆ. ಭಾವನ ಎದುರು ಬಾಯಿ ಬಿಡುವ ಕ್ರಮವೇ ಇರಲಿಲ್ಲವಲ್ಲ!

ನನ್ನ ನಗು ನಿಂತದ್ದು ಒಂದು ಆಟಿ ತಿಂಗಳಲ್ಲಿ. ಶಾಲೆಗೆ ಮಳೆಯ ರಜೆ, ಭಾವ ಮನೆಯಲ್ಲಿದ್ದರು. ಹೆರಿಗೆಗೆ ತವರಿಗೆ ಹೋಗಲು ತುಂಬಿದ ಹೊಳೆ ಬಿಟ್ಟಿರಲಿಲ್ಲ. ನೋವು ಶುರುವಾಯಿತು. ನಿಮ್ಮ ಅಪ್ಪ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದ! ಹೆರಿಗೆಯ ಅಜ್ಜಿ ಕೈ ಒರೆಸಿಕೊಂಡು, "ಇದು ನನ್ನಿಂದ ಆಗುದಲ್ಲ" ಅಂದಳು. ಆ ಹೆದರಿಕೆಗೆ ನನ್ನ ನೋವೇ ಒಂದು ಗಳಿಗೆ ನಿಂತಿತು.

ಡಾಕ್ಟರನ್ನು ತರಲು ಭಾವ ಮೂವರನ್ನು ಮೂರು ದಾರಿಗೆ ಓಡಿಸಿದರು. ನಿಮ್ಮ ಅಜ್ಜ ಹೊಳೆ ದಾಟಿ ಪುತ್ತೂರಿಗೆ, ಒಬ್ಬ ಆಳು ಕಡಬಕ್ಕೆ, ಇನ್ನೊಬ್ಬ ಉಪ್ಪಿನಂಗಡಿಗೆ. ಆಮೇಲೆ ಜಗಲಿಯಲ್ಲಿ ಲೆಕ್ಕ ಶುರು!

"ಒಬ್ಬೊಬ್ಬ ಡಾಕ್ಟರನ್ನು ತರುದು ಅರ್ಧಕ್ಕರ್ಧ ಅಂತ ಇಟ್ಕೊಳ್ಳಿ. ಯಾರಾದ್ರೂ ತರ್ತಾರಾ ಅಂತ ನೋಡುದಲ್ಲ ಅಮ್ಮ, ಒಬ್ಬನೂ ತಾರದಿರುದನ್ನು ನೋಡ್ಬೇಕು. ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ. ಎಂಟರಲ್ಲಿ ಒಂದೇ ಪಾಲು! ಅದನ್ನು ಕಳೆದ್ರೆ ಏಳು ಪಾಲು ನಮ್ಮದು."

"ನಿನ್ನ ಏಳು ಪಾಲನ್ನು ಒಲೆಗೆ ಹಾಕು ಮಾರಾಯ!" ಅತ್ತೆ ಅತ್ತರು. "ಅವಳ ಕಾಲು ತಣ್ಣಗಾಗ್ತಾ ಉಂಟು."

ಜಗಲಿಯಲ್ಲಿ ಮತ್ತೆ ಮಾತು ಕೇಳಲಿಲ್ಲ.

ಕಡಬಕ್ಕೆ ಹೋದವನು ಬಂದ. ಡಾಕ್ಟರು ಊರಲ್ಲಿಲ್ಲ. ಉಪ್ಪಿನಂಗಡಿಯ ದಾರಿಗೆ ಮರ ಬಿದ್ದಿತ್ತು. ದೋಣಿಯವನು ಹೊಳೆಗೆ ಇಳಿಯಲೇ ಇಲ್ಲ, ನಿಮ್ಮ ಅಜ್ಜ ಅಂಗಳದಲ್ಲಿ ತಲೆಗೆ ಕೈಹೊತ್ತು ಕೂತರು. ಆ ಎಂಟನೆಯ ಪಾಲು ನನ್ನ ಪಾಲಿಗೇ ಬಂತಲ್ಲ ದೇವರೇ! ನಾನು ಕಣ್ಣು ಮುಚ್ಚಿದೆ.

ತೆರೆದಾಗ ಎದುರಿಗೆ ಒದ್ದೆ ಸೀರೆಯ ಒಬ್ಬ ನರ್ಸಮ್ಮ. ಗುಡ್ಡದಾಚೆಯ ಮನೆಗೆ ರಜೆಯಲ್ಲಿ ಬಂದಿದ್ದವರನ್ನು ಯಾರೋ ಎಬ್ಬಿಸಿ ತಂದಿದ್ದರು. ಅವರ ಕೈಗುಣದಿಂದ ನಿಮ್ಮ ಅಪ್ಪ ತಿರುಗಿದ, ಹುಟ್ಟಿದ, ಅತ್ತ.

ತಂದವರು ಭಾವ. ಕೊಡೆ ಇಲ್ಲ, ಟಾರ್ಚಿಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ!

ಕೆಲವು ದಿನ ಕಳೆದು, ಬಾಗಿಲ ಮರೆಯಲ್ಲಿ ನಿಂತು ಮೊದಲ ಸಲ ಅವರೊಡನೆ ಬಾಯಿಬಿಟ್ಟೆ. "ಏಳು ಪಾಲು ನಮ್ಮದೇ ಅಂದಿದ್ರಲ್ಲ ಭಾವ, ಮತ್ತೆ ನೀವು ಎಂತಕ್ಕೆ ಹೋದ್ದು?"

ಅವರು ಅಂಗಳದ ಕಡೆಗೇ ಮುಖ ಮಾಡಿಕೊಂಡು ಹೇಳಿದರು:

"ಬೇರೆಯವರ ಮನೆಯಾದ್ರೆ ಏಳು ಪಾಲು ಧಾರಾಳ ಸಾಕಿತ್ತು, ತಂಗಿ."