ಜಾಣನ ಬಾಯಿಗೆ ಸಿಗದಿರುವಂತೆ ನೆಲಗಪ್ಪೆಯವರಲ್ಲಿ ಬಿನ್ನಹ

ಇಂದ,
ಜನಪದ ಕಥೆಗಳ ಸಂಗ್ರಾಹಕ,
(ನಾಯಿ ಸಾಕಿದವಳ ಗಂಡ),
ಹಿತ್ತಿಲ ಜಗಲಿ.

ಗೆ,
ಹಿರಿಯ ನೆಲಗಪ್ಪೆಯವರು,
ನಲ್ಲಿಕಟ್ಟೆಯ ಕೆಳಗಿನ ಬಿರುಕು,
ಅದೇ ಹಿತ್ತಿಲು.

ವಿಷಯ: ತಾವು ಸ್ಥಳಾಂತರಗೊಂಡು ನಮ್ಮ ನಾಯಿಯ ಪ್ರಾಣ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: 1) ನನ್ನ ಅತ್ತೆಯವರ ಮೌಖಿಕ ಹೇಳಿಕೆ (ಪಾಠಾಂತರ ಸಂಖ್ಯೆ 14).
2) ನನ್ನ ಹೆಂಡತಿಯ ಮೌಖಿಕ ಎಚ್ಚರಿಕೆ (ಪಾಠಾಂತರವಿಲ್ಲ, ದಿನವೂ ಅದೇ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಮ್ಮ ಮನೆಯಲ್ಲಿ ಜಾಣ ಎಂಬ ನಾಯಿ ಇದ್ದು, ಸದರಿ ಹೆಸರನ್ನು ಅದು ಮರಿಯಾಗಿದ್ದಾಗ, ಅಂದರೆ ನಿಜ ತಿಳಿಯುವ ಮೊದಲೇ ಇಡಲಾಗಿದೆ. ಅಲುಗಾಡುವ ಯಾವುದನ್ನೇ ಆಗಲಿ ಅದು ಬಾಯಲ್ಲಿ ಹಿಡಿದೇ ಪರಿಶೀಲಿಸುತ್ತದೆ. ತಮ್ಮ ಕಣ್ಣಿನ ಹಿಂದಿನ ಉಬ್ಬುಗಳಲ್ಲಿ ವಿಷವಿರುವ ಕಾರಣ, ಈ ಪರಿಶೀಲನೆ ಎರಡೂ ಕಡೆಯವರಿಗೆ ಕ್ಷೇಮಕರವಲ್ಲ.

1. ತಾವು ಮೊದಲು ಕಾಣಿಸಿಕೊಂಡ ದಿನ ನನ್ನ ಹೆಂಡತಿ, "ರೀ, ಈ ಕಪ್ಪೆಗೆ ಏನಾದ್ರೂ ದಾರಿ ಮಾಡಿ" ಎಂದಳು. ಆದಕಾರಣ ನಾನು ಟಿಪ್ಪಣಿ ಪುಸ್ತಕ ತೆಗೆದೆ. ಉಪಾಯ ಬಲ್ಲವರನ್ನು ಸಂಜೆಗೊಬ್ಬರಂತೆ ಜಗಲಿಗೆ ಕರೆಸಿ, ದೊಡ್ಡ ದೀಪ ಹಾಕಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಎಲ್ಲ ಪಾಠಾಂತರಗಳೂ ಕೈಸೇರುವ ತನಕ ಯಾವುದನ್ನೂ ತಳ್ಳಿಹಾಕಬಾರದೆಂಬುದು ನನ್ನ ಮೂವತ್ತು ವರ್ಷಗಳ ನಿಯಮ.

2. ಪಾಠಾಂತರ 5ರ ವಕ್ತೃ ನಮ್ಮ ಬೀದಿಯ ದರ್ಜಿ. "ಅಳತೆ ತಗೊಂಡ್ರೆ ಕಪ್ಪೆಗೆ ನಾಚಿಕೆ ಆಗುತ್ತೆ ಸಾರ್, ಮತ್ತೆ ಈ ಕಡೆ ತಲೆ ಹಾಕಲ್ಲ" ಎಂದು ಅವರು ಹೇಳಿದ್ದರಿಂದ, ತಮ್ಮ ಸೊಂಟದ ಅಳತೆ ತೆಗೆದದ್ದು ತಮಗೆ ನೆನಪಿರಬಹುದು. ಮರುದಿನ ತಾವು ಪುನಃ ಹಾಜರಾದಾಗ ವಿಚಾರಿಸಲಾಗಿ, ದರ್ಜಿಯವರು ಹಲ್ಲಿನ ನಡುವಿನ ದಾರ ತೆಗೆಯದೆಯೇ, "ಅಂಗಿ ರೆಡಿ ಆಯ್ತಾ ಅಂತ ಕೇಳೋಕೆ ಬಂದಿರ್ಬೇಕು" ಎಂದರು.

3. ಮೊದಲ ಸಂಜೆ ತಾವೊಬ್ಬರೇ ಇದ್ದಿರಿ. ಹದಿನಾಲ್ಕನೆಯ ಸಂಜೆಗೆ ಒಂಬತ್ತು ಮಂದಿ. ಇದನ್ನು ನಾನು "ಶ್ರೋತೃಗಳ ಆಸಕ್ತಿ ಹೆಚ್ಚುತ್ತಿದೆ" ಎಂದು ನಮೂದಿಸಿದ್ದೆ.

4. ಆ ಹದಿನಾಲ್ಕನೆಯ ಸಂಜೆ ಅತ್ತೆಯವರ ಸರದಿ. "ಅಳಿಯಂದಿರೇ, ಕಪ್ಪೆಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ, ಮರ್ಯಾದೆಯಿಂದ ಅರ್ಜಿ ಬರೀಬೇಕು. ನಿಮ್ಮ ಮಾವ ಒಂದ್ಸಲ ಬರೆದು ಕಲ್ಲಿನ ಕೆಳಗಿಟ್ರು. ಹೋಯ್ತು."

"ಎಷ್ಟು ದಿನಕ್ಕೆ ಹೋಯಿತು?"

"ಮಳೆಗಾಲ ಮುಗಿದ ಮೇಲೆ."

ಅಷ್ಟರಲ್ಲಿ ಜಾಣ ತಮ್ಮ ಬಂಧುವೊಬ್ಬರನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ನೊರೆ ಕಾರುತ್ತ ಓಲಾಡತೊಡಗಿತು. ಆ ಬಂಧು ಕುಪ್ಪಳಿಸುತ್ತ ಹೋದರು. ನಾಯಿ ಹೋಗಲಾರದೆ ಕುಸಿಯಿತು. ಹೆಂಡತಿ ಅದರ ತಲೆ ಬಗ್ಗಿಸಿ, ನೀರು ಗಂಟಲಿಗೆ ಇಳಿಯದಂತೆ ಪೈಪಿನಿಂದ ಬಾಯಿ ತೊಳೆಯುತ್ತಿದ್ದಾಗ, ನಾನು ಅತ್ತೆಯವರನ್ನು "ಕಲ್ಲು ಚಪ್ಪಟೆಯೋ, ಗುಂಡಗೋ?" ಎಂದು ಕೇಳಿದ್ದು ನಿಜ. ಈ ಬಗ್ಗೆ ಹೆಂಡತಿ ಹೇಳಿದ್ದನ್ನು ಮಾತ್ರ ಹೇಳಿದಂತೆಯೇ ಬರೆದುಕೊಂಡಿಲ್ಲ.

5. ಪಶುವೈದ್ಯರು ಚುಚ್ಚುಮದ್ದು ಕೊಟ್ಟು, ಎದೆಬಡಿತ ನೋಡಿ, "ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು. ಹಿತ್ತಿಲಲ್ಲಿ ದೀಪ ಉರಿಯುತ್ತಾ?" ಎಂದು ಕೇಳಿದರು.

"ಸಂಜೆಯೆಲ್ಲ."

"ದೀಪಕ್ಕೆ ಹುಳ ಬರುತ್ತೆ. ಹುಳಕ್ಕೆ ಕಪ್ಪೆ ಬರುತ್ತೆ. ದೀಪ ಆರಿಸಿ, ನಾಯಿಯ ನೀರಿನ ಬಟ್ಟಲು ಒಳಗಿಡಿ, ಕತ್ತಲಾದ ಮೇಲೆ ಹಗ್ಗ ಕಟ್ಟಿಯೇ ಹೊರಗೆ ಬಿಡಿ."

"ಇದನ್ನು ತಾವು ಯಾರ ಬಾಯಿಂದ ಕೇಳಿದಿರಿ?"

"ಯಾರ ಬಾಯಿಂದಲೂ ಇಲ್ಲ. ನೋಡಿದ್ದು."

ಕಥಾವಸ್ತು ಇಲ್ಲದ, ಪರಂಪರೆ ಇಲ್ಲದ ಈ ಪಾಠವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಯೋಚಿಸುತ್ತಿದ್ದಾಗ ಹೆಂಡತಿ ನಿಧಾನವಾಗಿ, "ಕಪ್ಪೆ ಓಡಿಸೋ ಕಥೆ ಬರ್ಕೊಳ್ತಾ ಹದಿನಾಲ್ಕು ದಿನ ಕಪ್ಪೆಗಳಿಗೆ ಊಟ ಹಾಕಿದ್ದೀರ" ಎಂದಳು. ದಾಖಲೆಗಳನ್ನು ತಾಳೆ ನೋಡಲಾಗಿ, ಆಕೆ ಹೇಳಿದ್ದು ಸರಿಯಿದೆ.

ಆದ್ದರಿಂದ ಕಳೆದ ಸೋಮವಾರದಿಂದ ದೀಪ ಆರಿಸಲಾಗಿದೆ, ಬಟ್ಟಲು ಒಳಗೆ ಹೋಗಿದೆ, ಜಾಣನನ್ನು ಸಂಜೆಯ ಹೊತ್ತು ನನ್ನ ಬರೆಯುವ ಮೇಜಿನ ಕಾಲಿಗೆ ಕಟ್ಟಲಾಗಿದೆ. ತಮ್ಮ ಎಂಟು ಬಂಧುಗಳು ಹೊರಟುಹೋಗಿದ್ದಾರೆ. ತಾವು ಮಾತ್ರ ಖಾಲಿ ಜಗಲಿಯೆದುರು, ಎಂದಿನ ಜಾಗದಲ್ಲಿ, ಎಂದಿನ ಹೊತ್ತಿಗೆ ಬಂದು ಕೂರುತ್ತಿದ್ದೀರಿ. ಮೂವತ್ತು ವರ್ಷಗಳಲ್ಲಿ ಇಷ್ಟು ನಿಷ್ಠೆಯ ಶ್ರೋತೃ ನನಗೆ ಸಿಕ್ಕಿಲ್ಲ. ಆದರೂ ಜಾಣ ಹಗ್ಗವನ್ನು ಅರ್ಧ ಅಗಿದಿರುವ ಕಾರಣ, ಹಾಗೂ ಹದಿನಾಲ್ಕನೆಯ ಪಾಠಾಂತರವೊಂದೇ ಪರೀಕ್ಷೆಗೆ ಉಳಿದಿರುವ ಕಾರಣ, ಗೋಡೆಯಾಚೆಯ ಚರಂಡಿಗೆ ತೆರಳಬೇಕೆಂದು ತಮ್ಮಲ್ಲಿ ವಿನಂತಿ. ಇನ್ನು ಇಲ್ಲಿ ಕಥೆ ನಡೆಯುವುದಿಲ್ಲ. ಕಲ್ಲು ಚಪ್ಪಟೆಯದನ್ನೇ ಇಟ್ಟಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ, ಪಕ್ಕದ ಒದ್ದೆ ಗುರುತು ಜಾಣನದು)

ಲಗತ್ತುಗಳು:
1. ಪಾಠಾಂತರಗಳು 1, 2 ಮತ್ತು 7ರಿಂದ 14 (3ರಿಂದ 6 ಜಾಣನ ಹೊಟ್ಟೆಯಲ್ಲಿವೆ).
2. ತಮ್ಮ ಅಳತೆಯ ಚೀಟಿ, ದರ್ಜಿಯವರ ಸಹಿಯೊಂದಿಗೆ.
3. ಹಗ್ಗದ ಅಗಿದ ತುಂಡು.

ವಿ.ಸೂ.: ಈ ಅರ್ಜಿಯ ಸ್ವೀಕೃತಿಯನ್ನು ಜಾಣನ ಬಾಯಿಗೆ ಕೊಟ್ಟು ಕಳುಹಿಸಬಾರದಾಗಿ ಕೋರಿಕೆ.