ನಿಮ್ಮ ಹುಡುಗ ಏನು ತಿನ್ನೂದಿಲ್ಲ?

ನಮ್ಮ ಮಾಮಾ ಜೀವಮಾನದಲ್ಲಿ ಇನ್ನೊಬ್ಬರ ಹೊಲದ ಒಂದು ಕಡಲೆಗಿಡ ಕಿತ್ತವನಲ್ಲ. ಆದರೂ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳಲ್ಲಿ ಅವನಷ್ಟು ಸಲ ಪೊಲೀಸ್ ಠಾಣೆಯ ಕಟ್ಟೆ ಹತ್ತಿಳಿದ ಮನುಷ್ಯ ಇನ್ನೊಬ್ಬನಿರಲಿಲ್ಲ! ಪಕ್ಕಾ ಕಳ್ಳರಿಗೂ ಅಷ್ಟು ಓಡಾಟ ಇರಲಿಕ್ಕಿಲ್ಲ. ಕಳ್ಳರು ಸಿಕ್ಕಿಬಿದ್ದಾಗ ಮಾತ್ರ ಹೋಗುತ್ತಿದ್ದರು, ಮಾಮಾ ಯಾರೂ ಕರೆಯದೆಯೇ ಹೋಗುತ್ತಿದ್ದ.

ಅವನು ಅವ್ವನ ಬೆನ್ನಿಗೆ ಬಿದ್ದ ತಮ್ಮ. ಊರು ಸವಣೂರು, ಉದ್ಯೋಗ ವೀಳ್ಯದೆಲೆ ವ್ಯಾಪಾರ. ಹೆಂಡತಿ ಬೇಗ ತೀರಿಕೊಂಡಳು, ಮತ್ತೆ ಮದುವೆಯಾಗಲಿಲ್ಲ. ಸವಣೂರು ಆಗ ನವಾಬರದು, ನಮ್ಮ ಹಾನಗಲ್ಲು ಇಂಗ್ಲಿಷರದು. ಅಕ್ಕನ ಕೈಯ ಊಟಕ್ಕೆ ಬರಬೇಕೆಂದರೆ ಅವನು ಒಂದು ಸರ್ಕಾರ ದಾಟಿ ಇನ್ನೊಂದು ಸರ್ಕಾರಕ್ಕೆ ಬರಬೇಕಾಗಿತ್ತು. ಹಾಗೆ ಬಂದವನು ಉಂಡು ಸುಮ್ಮನೆ ಹೋಗುತ್ತಿದ್ದನೇ? ಎಲ್ಲಿಯ ಮಾತು! ಎಲೆಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, "ಈ ಓಣ್ಯಾಗ ಯಾರರ ಮಂದಿ ಕಳಕೊಂಡಾರೇನ?" ಎಂದು ಕೇಳುತ್ತಿದ್ದ. ಬೇರೆಯವರು ಕಳೆದುಹೋದ ಎಮ್ಮೆ ಹುಡುಕುತ್ತಾರೆ, ಇವನಿಗೆ ಕಳೆದುಹೋದ ಮನುಷ್ಯರೇ ಬೇಕು.

ಕಾಲವೂ ಹಾಗೇ ಇತ್ತು ಅನ್ನಿ. ಮಗ ಗಿರಣಿ ಕೆಲಸಕ್ಕೆಂದು ಹುಬ್ಬಳ್ಳಿಗೋ ಮುಂಬಯಿಗೋ ಹೋಗುತ್ತಿದ್ದ, ಆಮೇಲೆ ಸುದ್ದಿಯೇ ಇಲ್ಲ. ಜಡ್ಡು ಬಿದ್ದನೋ, ನಾಟಕದ ಕಂಪನಿ ಸೇರಿದನೋ, ಪೊಲೀಸರು ಹಿಡಿದರೋ, ಯಾರನ್ನು ಕೇಳುವುದು? ಇಂಥಿಂಥವರನ್ನು ಹಿಡಿದಿದ್ದೇವೆ ಎಂದು ಪೊಲೀಸರು ಗೋಡೆಗೆ ಹಚ್ಚುತ್ತಿರಲಿಲ್ಲ. ಹೋಗಿ ಕೇಳಿದರೆ, ಕೇಳಿದವರನ್ನೇ ಕೂಡಿಸಿಕೊಳ್ಳುತ್ತಿದ್ದರು.

ಈ ಸತ್ಯ ಮಾಮಾನಿಗೆ ತಿಳಿದದ್ದು ಹಿರೇಕೆರೂರಿನಲ್ಲಿ. ರಟ್ಟೀಹಳ್ಳಿಯ ಮುದುಕಿಯೊಬ್ಬಳ ಮೊಮ್ಮಗ ಸಂತೆಗೆ ಹೋದವನು ಮರಳಿರಲಿಲ್ಲ. ಮಾಮಾ ಕೋಟು ಹಾಕಿ, ರುಮಾಲು ಸುತ್ತಿ, ಗುಡಿಗೆ ಹೋದವರ ಹಾಗೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಠಾಣೆಯೊಳಗೆ ಹೋದ. ಹುಡುಗನ ಹೆಸರು ಹೇಳಿ, ಅವನು ಇಲ್ಲಿದ್ದಾನೆಯೇ ಎಂದು ಕೇಳಿದ. ಜಮಾದಾರ ತಲೆಯೆತ್ತಿ ನೋಡಿದ.

"ಅವ ನಿಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ರಿ."

"ಏನೂ ಆಗದಾವನ ಸಲುವಾಗಿ ಸವಣೂರಿಂದ ಬಂದೀರಿ? ಕುಂದರ್ರಿ ಹಂಗಾರ."

ಕುಳಿತ. ದೀಪ ಹಚ್ಚುವ ಹೊತ್ತಿನವರೆಗೆ ಕುಳಿತ. ಕಡೆಗೆ ಆ ಮುದುಕಿಯೇ ಬಂದು, ಇವರು ಒಳ್ಳೆಯ ಮನೆತನದವರು ಎಂದು ಜಮಾದಾರನಿಗೆ ಕೈಮುಗಿದು, ಬಿಡಿಸಿಕೊಂಡು ಹೋಗಬೇಕಾಯಿತು. ಹೊರಗೆ ಬಂದರೆ ಮೆಟ್ಟಿಲ ಕೆಳಗೆ ಚಪ್ಪಲಿ ಇರಲಿಲ್ಲ. ಠಾಣೆಯ ಬಾಗಿಲಲ್ಲೇ ಕಳವು! ಫಿರ್ಯಾದಿ ಕೊಡಲು ಮತ್ತೆ ಒಳಗೆ ಹೋಗುವ ಧೈರ್ಯ ಯಾರಿಗಿದೆ? ಬರಿಗಾಲಲ್ಲೇ ಬಂದ.

ಆಮೇಲೆ ಅವನು ಬುತ್ತಿಯ ಉಪಾಯ ಹೂಡಿದ. ಹಿಡಿದಿಟ್ಟವರಿಗೆ ಮನೆಯವರು ಊಟ ತಂದು ಕೊಡುವ ರೂಢಿ ಆಗ ಇತ್ತು. "ಬಾಯಿ ತಗದು ಕೇಳೂದ ಬ್ಯಾಡಬೇ ಅಕ್ಕಾ. ಇಂಥಾವಂದು ಬುತ್ತಿರಿ ಅಂತ ಹೇಳಿ ಪೊಲೀಸನ ಕೈಯಾಗ ಕೊಡೂದು. ತಗೊಂಡ್ರ ಮನುಷ್ಯಾ ಒಳಗದಾನ, ತಿರುಗಿ ಕೊಟ್ರ ಇಲ್ಲ," ಎಂದು ಅವ್ವನಿಗೆ ವಿವರಿಸಿದ. ಅವ್ವನಿಗೆ ತಮ್ಮನ ಬುದ್ಧಿಯ ಮೇಲೆ ಅಭಿಮಾನ ಉಕ್ಕಿಬಂತು. ರೊಟ್ಟಿ ಬಡಿಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಮೊದಲ ಪ್ರಯೋಗ ನಡೆದದ್ದು ಶಿಗ್ಗಾಂವಿಯಲ್ಲಿ, ಹಿರೇಬೆಂಡಿಗೇರಿಯ ಒಬ್ಬ ಒಕ್ಕಲಿಗನ ಸಲುವಾಗಿ. ಪೊಲೀಸ ಎರಡೂ ಕೈಯೊಡ್ಡಿ ಬುತ್ತಿ ತೆಗೆದುಕೊಂಡ. ಮಾಮಾ ಗೆದ್ದವನಂತೆ ಹಿರೇಬೆಂಡಿಗೇರಿಗೆ ಹೋಗಿ, "ಚಿಂತಿ ಮಾಡಬ್ಯಾಡ್ರಿ, ಒಳಗದಾನ, ಹೊಟ್ಟಿ ತುಂಬ ಉಣ್ಣಾಕತ್ತಾನ," ಎಂದ. ಮನೆಯವರೆಲ್ಲ ಅತ್ತರು. ಅಳು ಇನ್ನೂ ಮುಗಿದಿರಲಿಲ್ಲ, ಆ ಒಕ್ಕಲಿಗ ಬಗಲಲ್ಲಿ ಕುಂಬಳಕಾಯಿ ಹಿಡಿದು ಬೀಗರ ಊರಿನಿಂದ ನಡೆದು ಬಂದ! ಎಲ್ಲರೂ ಅವನನ್ನು ಬಿಟ್ಟು ಮಾಮಾನನ್ನು ನೋಡತೊಡಗಿದರು.

"ಹಂಗಾದ್ರ ರೊಟ್ಟಿ ತಿಂದಾವ ಯಾರ್ರಿ?" ಎಂದು ಒಕ್ಕಲಿಗನ ಹೆಂಡತಿ ಕೇಳಿದಳು.

ಮುಂದಿನ ವಾರ ಶಿಗ್ಗಾಂವಿಗೆ ಹೋದಾಗ ಮಾಮಾನಿಗೆ ಉತ್ತರ ಸಿಕ್ಕಿತು. ಅದೇ ಪೊಲೀಸ ಹತ್ತಿರ ಕರೆದು, "ಸಾವಕಾರ್ರ, ಚಟ್ನಿ ಸ್ವಲ್ಪ ಖಾರ ಆಗಿತ್ತ ನೋಡ್ರಿ," ಎಂದನಂತೆ.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ನಮ್ಮ ಮಾಮಾ ಉಪಾಯವನ್ನು ತಿದ್ದಿದ. ಅಂದಿನಿಂದ ಮಗ ಕಾಣೆಯಾಗಿದ್ದಾನೆಂದು ಯಾರಾದರೂ ಅಳುತ್ತ ಬಂದರೆ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನಿಮ್ಮ ಹುಡುಗ ಏನು ತಿನ್ನೂದಿಲ್ಲ?" ಪೊಲೀಸ ಕೊಟ್ಟದ್ದನ್ನೆಲ್ಲ ತಿನ್ನುತ್ತಾನೆ. ಬೇಡವಾದದ್ದನ್ನು ಬಿಡುವವನು ಮನೆಯ ಮಗನೇ ಇರಬೇಕು. ಆದ್ದರಿಂದ ಆ ಹುಡುಗನಿಗೆ ಸೇರದ ಪಲ್ಯವನ್ನೇ ಮಾಡಿಸಿ ಬುತ್ತಿಯಲ್ಲಿಡುವುದು, ಡಬ್ಬಿ ಮರಳಿ ಬಂದಾಗ ಬಿಚ್ಚಿ ನೋಡುವುದು.

ನಗಬೇಡಿ! ಆಡೂರಿನ ಹುಡುಗನೊಬ್ಬ ಸಿಕ್ಕದ್ದು ಹೀಗೆಯೇ. ನಮ್ಮ ಕಡೆ ಎಣ್ಣೆಗಾಯಿ ಬೇಡ ಎನ್ನುವವರು ಹುಡುಕಿದರೂ ಸಿಕ್ಕುವುದಿಲ್ಲ, ಆದರೆ ಆ ಹುಡುಗ ಬದನೆಕಾಯಿ ಮುಟ್ಟುತ್ತಿರಲಿಲ್ಲ. ಹುಬ್ಬಳ್ಳಿಯ ಠಾಣೆಯಿಂದ ಮರಳಿ ಬಂದ ಡಬ್ಬಿಯಲ್ಲಿ ರೊಟ್ಟಿ ಇಲ್ಲ, ಚಟ್ನಿ ಇಲ್ಲ, ಬದನೆಕಾಯಿಗಳು ಮಾತ್ರ ಇಟ್ಟ ಹಾಗೇ ಕುಳಿತಿದ್ದವು. ಆ ತಂದೆ ನಮ್ಮ ಪಡಸಾಲೆಯಲ್ಲಿ ಕೂತು, "ನನ್ನ ಮಗನ, ನನ್ನ ಮಗನ ಖರೇ," ಎಂದು ಕಣ್ಣೊರೆಸಿಕೊಂಡ. ತಂಗಳು ಬದನೆಕಾಯಿ ನೋಡಿ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಆಮೇಲೆ ಚಲೇಜಾವ್ ಚಳವಳಿ ಬಂತು. ಮುಂಬಯಿಯಲ್ಲಿ ಓದುತ್ತಿದ್ದ ನಮ್ಮ ಅಣ್ಣನ ಪತ್ರ ನಿಂತುಹೋಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಅವನೇ ಕಣ್ಣು, ಅವನೇ ಕೈ. ಅವನನ್ನು ಹಿಡಿದಿದ್ದಾರೆಂದು ಒಬ್ಬರು, ಗುಂಡು ಹಾರಿದಾಗ ಅಲ್ಲೇ ಇದ್ದನೆಂದು ಇನ್ನೊಬ್ಬರು. ಅವ್ವ ಒಲೆಯ ಮುಂದೆ ಕೂರುತ್ತಿದ್ದಳು, ಬಡಿಸುತ್ತಿದ್ದಳು, ತಾನು ಮಾತ್ರ ನೀರು ಕುಡಿದು ಏಳುತ್ತಿದ್ದಳು. ಅವನು ಬದುಕಿದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಅವಳಿಗೆ ಸಾಕಾಗಿತ್ತು.

ಸುದ್ದಿ ತಿಳಿದ ಮಾಮಾ ಓಡಿ ಬಂದ. ಅಕ್ಕನ ಎದುರು ಕುಳಿತು ರೂಢಿಯಂತೆ ಕೇಳಿದ. "ಅಳಿಯ ಏನು ತಿನ್ನೂದಿಲ್ಲಬೇ?"

"ನನ್ನ ಮಗ ಎಲ್ಲಾನೂ ತಿಂತಾನ," ಎಂದಳು ಅವ್ವ, ಅಷ್ಟು ದುಃಖದಲ್ಲೂ ಸ್ವಲ್ಪ ಹೆಮ್ಮೆಯಿಂದ.

"ಹಾಗಲಕಾಯಿ?"

"ಕೇಳಿ ಹಾಕಿಸಿಕೋತಾನ."

ಮಾಮಾ ತಲೆಯ ಮೇಲೆ ಕೈ ಹೊತ್ತು ಕುಳಿತ. ಎಲ್ಲವನ್ನೂ ತಿನ್ನುವ ಮಗನನ್ನು ಹುಡುಕುವುದು ಹೇಗೆ? ಕಡೆಗೆ ಎದ್ದು, "ಇರಲಿ, ಹೋಗಿ ನೋಡ್ತೇನಿ," ಎಂದವನೇ ಎಲೆಯ ಬುಟ್ಟಿಗಳ ಜೊತೆ ಯಲವಿಗಿ ಸ್ಟೇಷನ್ನಿನಲ್ಲಿ ಮುಂಬಯಿಯ ರೈಲು ಹತ್ತಿದ.

ದೀಪಾವಳಿಯ ಹೊತ್ತಿಗೆ, ಒಂದು ಬೆಳಗಿನ ಜಾವ, ಗಡ್ಡ ಬಿಟ್ಟುಕೊಂಡು ಅಣ್ಣನೇ ಬಂದುಬಿಟ್ಟ! ಅವನನ್ನು ಯಾರೂ ಹಿಡಿದೇ ಇರಲಿಲ್ಲ. ಸಾಂಗಲಿಯ ಕಡೆ ಗೆಳೆಯನ ತೋಟದಲ್ಲಿ ಅಡಗಿಕೊಂಡಿದ್ದನಂತೆ, ಪತ್ರ ಬರೆದರೆ ಸುಳಿವು ಸಿಕ್ಕೀತೆಂದು ಬರೆದಿರಲಿಲ್ಲವಂತೆ. ಅವ್ವ ಅವನ ಮೈಯೆಲ್ಲ ಮುಟ್ಟಿ ನೋಡಿದಳು, ಬೈದಳು, ಬಡಿಸಿದಳು. ಆಮೇಲೆ, "ಮಾಮಾ ಎಲ್ಲ್ಯೋ?" ಎಂದಳು. ಅಣ್ಣ ಮಾಮಾನನ್ನು ಕಂಡೇ ಇರಲಿಲ್ಲ.

ವಿಷಯ ತಿಳಿದದ್ದು ಸವಣೂರಿನ ಎಲೆ ಸಾಹೇಬರಿಂದ. ಅವರು ಮಾಮಾನ ವ್ಯಾಪಾರದ ಜೊತೆಗಾರರು, ಆಗತಾನೆ ಮುಂಬಯಿಯಿಂದ ಬಂದಿದ್ದರು. ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದರು. "ಅಕ್ಕಾರ, ಬುತ್ತಿ ಯಾವ ಠಾಣೇದಾಗೂ ಒಳಗ ಬಿಡಲಿಲ್ರಿ. ಗದ್ದಲ ಅಂದ್ರ ಗದ್ದಲ. ಕಡೀಕ ನಿಮ್ಮ ತಮ್ಮ ಅಂದ್ರು, ಬುತ್ತಿ ಹೋಗೂದಿಲ್ಲಂದ್ರ ನಾನ ಹೋಗ್ತೇನಿ, ಅಂತ. ಠಾಣೇದ ಮುಂದ ನಿಂತು ಜೈಕಾರ ಹಾಕಿದ್ರು."

"ಅವ? ಜೈಕಾರ?" ಅವ್ವನಿಗೆ ನಂಬಿಕೆಯೇ ಬರಲಿಲ್ಲ.

"ಮೊದಲನೇದು ಬಾಜೂಕ ನಿಂತ ನನಗೂ ಕೇಳಲಿಲ್ರಿ. ಎರಡನೇದಕ್ಕ ಪೊಲೀಸ ಬಂದು, ಅಜ್ಜಾ, ಮನಿಗೆ ಹೋಗ್ರಿ ಅಂದ. ಆಮ್ಯಾಲ ಇವ್ರು ಪೊಲೀಸರ ಗಾಡಿ ಮುಂದ ಅಡ್ಡ ಮಲಗಿಬಿಟ್ರು. ಎತ್ತಿ ಒಳಗ ಹಾಕಿದ್ರು. ಹೋಗೂಮುಂದ ನಕ್ಕೋತ ಹೋದ್ರು ನೋಡ್ರಿ."

ಸಾಹೇಬರೂ ನಕ್ಕರು. ನಾವೂ ನಕ್ಕೆವು. ಅವ್ವ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಣ್ಣ, ಸಾಹೇಬರು ಕೂಡಿ ಹುಡುಕಲು ಹೋದರು. ಅಷ್ಟರಲ್ಲಿ ಅವನನ್ನು ಬೇರೆ ಯಾವುದೋ ಜೈಲಿಗೆ ಕಳಿಸಿದ್ದರು, ಯಾವುದೆಂದು ಯಾರೂ ಹೇಳಲಿಲ್ಲ. ಅವನದೇ ಉಪಾಯ ಮಾಡೋಣವೆಂದರೆ, ಮಾಮಾ ಏನು ತಿನ್ನುವುದಿಲ್ಲ? ಹಾಕಿದ್ದನ್ನು ಉಂಡು ಹೋಗುತ್ತಿದ್ದ. ನಿನಗೆ ಏನು ಸೇರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಅದು ನೆನಪಾದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಒಂದು ಮಧ್ಯಾಹ್ನ ಅಣ್ಣ ಒಳಗೆ ಉಣ್ಣುತ್ತಿದ್ದ. ನಾನು ಹೊರಗೆ ಬಂದಾಗ ಕಟ್ಟೆಯ ಮೇಲೆ ಯಾರೋ ಬೀದಿಯ ಕಡೆ ಮುಖ ಮಾಡಿ ಕುಳಿತಿದ್ದರು. ಕೋಟು ಮೈಮೇಲೆ ಜೋತುಬಿದ್ದಿತ್ತು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾಮಾ, ಒಳಗ ಬರ್ರಿ," ಎಂದೆ.

ಅವನು ತಿರುಗಿ ನೋಡಲಿಲ್ಲ. "ಅಕ್ಕನ್ನ ಕರಿ," ಎಂದ.

ಅವ್ವ ಸೌಟು ಹಿಡಿದೇ ಓಡಿ ಬಂದಳು. ಮಾಮಾ ಎದ್ದು ನಿಂತ. ಅವಳ ಮುಖ ನೋಡದೆ, ನೆಲ ನೋಡುತ್ತ ಹೇಳಿದ.

"ಅವ ಒಳಗಿಲ್ಲಬೇ ಅಕ್ಕಾ. ಯಾವ ಖೋಲಿನೂ ಬಿಟ್ಟಿಲ್ಲ, ಎಲ್ಲಾರ ಮಾರಿ ನೋಡೇನಿ. ಇಲ್ಲಿ ಇಲ್ಲಂದ್ರ ಮತ್ತೊಂದು ಜೇಲಿನ್ಯಾಗ ಇರಬೇಕಂತ, ಜಗಳಾ ತಗದು ಅಲ್ಲಿಗೂ ಹೋದೆ. ಅಲ್ಲೂ ಸಿಗಲಿಲ್ಲ. ನಿನಗ ಹೆಂಗ ಮಾರಿ ತೋರಿಸ್ಲಿ."

ಅಷ್ಟರಲ್ಲಿ ಅಣ್ಣ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದ. ಮಾಮಾ ಅವನನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೊರಗ ಇದ್ದೇನೋ ಅಳಿಯಾ? ನಿನ್ನ ಹಿಡೀಲೇ ಇಲ್ಲೇನು?"

"ಇಲ್ಲ ಮಾಮಾ."

ಈಗ ಬೈಯುತ್ತಾನೆ ಎಂದುಕೊಂಡೆ. ಬೈಯಬೇಕಾಗಿತ್ತು ಕೂಡ. ಅವನು ಅಣ್ಣನ ಗಲ್ಲ ಮುಟ್ಟಿ, "ಚಲೋ ಆತು. ಭಾಳ ಚಲೋ ಆತು," ಎಂದ. ಎಂದವನು ಕಟ್ಟೆಯ ಮೇಲೆ ಕುಸಿದು ಕುಳಿತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಅತ್ತ.

ಅವ್ವ ಸೌಟು ಕೆಳಗಿಟ್ಟಳು. ಧೂಳಿನಲ್ಲಿ ಕೂತು, ಆ ತಮ್ಮನ ಎರಡೂ ಕಾಲು ಹಿಡಿದು ಹಣೆ ಹಚ್ಚಿದಳು. ಹಿರಿಯಳು ಕಿರಿಯನ ಕಾಲು ಮುಟ್ಟಬಾರದು. ಅವತ್ತು ಅವಳನ್ನು ತಡೆಯುವ ಮನಸ್ಸು ನಮ್ಮಲ್ಲಿ ಯಾರಿಗೂ ಆಗಲಿಲ್ಲ.